ಮನೆಮಂದಿಯ ಜೊತೆ ವಿಜಯಪುರದ ಕಟ್ಟಡಗಳನ್ನು ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ವಿಜಯಪುರಕ್ಕೆ ಮೂರು ಸಲ ಹೋಗಿದ್ದೇವೆ. ಮೊದಲ ಸಲ ಒಂದೇ ದಿನದಲ್ಲಿ ಒಂಬತ್ತು ಜಾಗ ಸುತ್ತಿ ರಾತ್ರಿ ರೈಲು ಹತ್ತಿದೆವು. ವಾರ ಬಿಟ್ಟು ಮಗಳನ್ನು ‘ಏನೇನು ನೋಡಿದೆ?’ ಎಂದು ಕೇಳಿದರೆ ಟಾಂಗಾದ ಕುದುರೆ ಮತ್ತು ಕಬ್ಬಿನ ಹಾಲು ಬಿಟ್ಟು ಬೇರೇನೂ ನೆನಪಿರಲಿಲ್ಲ. ತಪ್ಪು ಅವಳದಲ್ಲ. ಒಂದರ ಹಿಂದೆ ಒಂದು ಗುಮ್ಮಟ, ಒಂದರ ಹಿಂದೆ ಒಂದು ಕಮಾನು ತೋರಿಸುತ್ತಾ ಹೋದರೆ ದೊಡ್ಡವರಿಗೂ ಎಲ್ಲ ಒಂದೇ ಥರ ಕಾಣುತ್ತದೆ. ಆಮೇಲಿನ ಎರಡು ಸಲ ಕಡಿಮೆ ಜಾಗ ನೋಡಿದೆವು. ಪ್ರತಿ ಕಟ್ಟಡದ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಂಡೆವು: ಇದು ಬೀಳದೆ ಹೇಗೆ ನಿಂತಿದೆ? ಅಲ್ಲಿಂದ ಮಕ್ಕಳೇ ನಮ್ಮನ್ನು ಎಳೆದುಕೊಂಡು ಹೋಗತೊಡಗಿದರು. ಹೊರಡುವ ಮುಂಚೆ ನೆಂಟರು, ಸ್ನೇಹಿತರು ನಮಗೆ ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಹಾಕಿದ್ದೇನೆ.

ಎಷ್ಟು ದಿನ ಬೇಕು?

ಎರಡು ದಿನ, ಒಂದು ರಾತ್ರಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದಕ್ಕಿಂತ ಕಡಿಮೆ ಬೇಡ. ಮೊದಲ ದಿನ ಬೆಳಿಗ್ಗೆ ಗೋಳಗುಮ್ಮಟ, ಮಧ್ಯಾಹ್ನ ರೂಮಿನಲ್ಲಿ ನಿದ್ದೆ, ಸಂಜೆ ಬಾರಾಕಮಾನ್. ಎರಡನೇ ದಿನ ಬೆಳಿಗ್ಗೆ ಇಬ್ರಾಹಿಂ ರೋಜಾ, ಬರುವ ದಾರಿಯಲ್ಲಿ ತಾಜ್ ಬಾವಡಿ ಎಂಬ ಬಾವಿ ಮತ್ತು ಮಲಿಕ್-ಎ-ಮೈದಾನ್ ಫಿರಂಗಿ, ಕೊನೆಗೆ ಜಾಮಿಯಾ ಮಸೀದಿ. ಗೋಳಗುಮ್ಮಟ ಊರಿನ ಪೂರ್ವಕ್ಕಿದೆ, ಇಬ್ರಾಹಿಂ ರೋಜಾ ಪಶ್ಚಿಮಕ್ಕೆ, ಕೋಟೆ ಗೋಡೆಯ ಆಚೆ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸುತ್ತೇನೆ ಎಂದು ಹೊರಟರೆ ಎರಡೂ ಸರಿಯಾಗಿ ಸಿಗುವುದಿಲ್ಲ.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಅಕ್ಟೋಬರ್‌ನಿಂದ ಫೆಬ್ರವರಿ ತನಕ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬೇಸಿಗೆ ರಜೆ ಇದೆ ಎಂದು ಮೇ ತಿಂಗಳಲ್ಲಿ ಹೊರಟವರ ಪೈಕಿ ನಾವೂ ಒಬ್ಬರು. ಕರಿಕಲ್ಲಿನ ಜಗಲಿ ಮೇಲೆ ಚಪ್ಪಲಿ ಬಿಚ್ಚಿ ನಡೆಯಬೇಕಾದಾಗ ಮಗ ಕುಣಿಯುತ್ತಾ ಓಡಿದ. ಬೇಸಿಗೆಯಲ್ಲೇ ಹೋಗಬೇಕಾದರೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತರ ಒಳಗೆ ಹೊರಗಿನ ಸುತ್ತಾಟ ಮುಗಿಸಿ.

ಸಂಕ್ರಾಂತಿ ಹೊತ್ತಿಗೆ ಊರಲ್ಲಿ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಜಾತ್ರೆ ನೋಡಬೇಕೆಂದರೆ ಅದೇ ಸರಿಯಾದ ಸಮಯ. ಕಟ್ಟಡ ನೋಡಬೇಕೆಂದರೆ ಒಂದು ವಾರ ಆಚೆ ಈಚೆ ಹೋಗಿ, ಆಗ ರೂಮು ಸಿಗುವುದು ಸುಲಭ.

ಹೋಗುವುದು ಹೇಗೆ? ಊರೊಳಗೆ ಓಡಾಟ?

ಬೆಂಗಳೂರಿನಿಂದ 500 ಕಿಲೋಮೀಟರ್‌ಗಿಂತ ಜಾಸ್ತಿ. ರಾತ್ರಿ ರೈಲೇ ಆರಾಮ, ಮಕ್ಕಳು ಮಲಗಿಕೊಂಡೇ ಬರುತ್ತಾರೆ. ಗೋಳಗುಮ್ಮಟದ ಹೆಸರನ್ನೇ ಇಟ್ಟ ಎಕ್ಸ್‌ಪ್ರೆಸ್ ರೈಲು ಕೂಡ ಇದೆ. ಹುಬ್ಬಳ್ಳಿಯಿಂದ ಸುಮಾರು 200, ಸೊಲ್ಲಾಪುರದಿಂದ ಸುಮಾರು 100 ಕಿಲೋಮೀಟರ್. ರೈಲ್ವೆ ಸ್ಟೇಷನ್ ಗೋಳಗುಮ್ಮಟದ ಹತ್ತಿರವೇ ಇದೆ. ಬೆಳಗಿನ ಜಾವ ಇಳಿದರೆ ಮಂಜಿನಲ್ಲಿ ಅದರ ನೆರಳು ಕಾಣುತ್ತದೆ, ಅದೊಂದು ಖುಷಿ.

ಊರೊಳಗೆ ಆಟೊ ಸಿಗುತ್ತದೆ. ಟಾಂಗಾ ಕೂಡ ಇದೆ. ಬಿಸಿಲಿನಲ್ಲಿ ದಿನವಿಡೀ ಕುದುರೆಯನ್ನು ಓಡಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ, ಅದಕ್ಕೇ ಸಂಜೆ ಒಂದು ಸಣ್ಣ ಸುತ್ತಿಗೆ ಮಾತ್ರ ಹತ್ತುತ್ತೇವೆ.

ಬಿಜಾಪುರವೋ ವಿಜಯಪುರವೋ? ಇದನ್ನೆಲ್ಲ ಕಟ್ಟಿದ್ದು ಯಾರು?

ಎರಡೂ ಒಂದೇ ಊರು. 2014ರ ನವೆಂಬರ್‌ನಲ್ಲಿ ಸರ್ಕಾರ ವಿಜಯಪುರ ಎಂದು ಹೆಸರು ಬದಲಿಸಿತು. ಚಾಲುಕ್ಯರ ಕಾಲದ ಹೆಸರೂ ವಿಜಯಪುರವೇ.

ಕಟ್ಟಡಗಳಲ್ಲಿ ಬಹುಪಾಲು ಆದಿಲ್‌ಶಾಹಿಗಳವು. ಈ ಮನೆತನ 15ನೇ ಶತಮಾನದ ಕೊನೆಯಿಂದ 1686ರ ತನಕ ಆಳಿತು. ಆ ವರ್ಷ ಔರಂಗಜೇಬ ಊರನ್ನು ಗೆದ್ದ. ಮಕ್ಕಳಿಗೆ ಎಲ್ಲ ಸುಲ್ತಾನರ ಹೆಸರು ಬಾಯಿಪಾಠ ಮಾಡಿಸಬೇಡಿ. ನಾಲ್ಕು ಹೆಸರು ಸಾಕು. ಒಂದನೇ ಅಲಿ ಆದಿಲ್‌ಶಾಹ (1557ರಿಂದ 1580) ಜಾಮಿಯಾ ಮಸೀದಿ, ಗಗನ್ ಮಹಲ್ ಕಟ್ಟಿಸಿದವನು. ಎರಡನೇ ಇಬ್ರಾಹಿಂ (1580ರಿಂದ 1627) ಸಂಗೀತದ ಹುಚ್ಚು ಇದ್ದವನು. ದಖನಿ ಭಾಷೆಯಲ್ಲಿ ಹಾಡು ಬರೆದ, ಅದರಲ್ಲಿ ಸರಸ್ವತಿ, ಗಣಪತಿಯರನ್ನೂ ಹಾಡಿದ. ಜನ ಅವನನ್ನು ‘ಜಗದ್ಗುರು ಬಾದಶಾಹ’ ಎನ್ನುತ್ತಿದ್ದರು. ಇಬ್ರಾಹಿಂ ರೋಜಾ ಅವನ ಸಮಾಧಿ. ಅವನ ಮಗ ಮಹಮ್ಮದ್ (1627ರಿಂದ 1656) ತನ್ನ ಸಮಾಧಿಯಾಗಿ ಗೋಳಗುಮ್ಮಟ ಕಟ್ಟಿಸಿದವನು. ಮೊಮ್ಮಗ ಎರಡನೇ ಅಲಿ (1656ರಿಂದ 1672) ತನ್ನ ಸಮಾಧಿಗೆಂದು ಬಾರಾಕಮಾನ್ ಶುರುಮಾಡಿ ಮುಗಿಸಲಾಗದವನು. ಅಪ್ಪನಿಗಿಂತ ದೊಡ್ಡದು ಕಟ್ಟಬೇಕು ಎನ್ನುವ ಮಕ್ಕಳ ಹಟ ಎಂದು ಹೇಳಿ ನೋಡಿ, ಯಾವ ಮಗುವಿಗೂ ಅರ್ಥವಾಗುತ್ತದೆ.

ಗೋಳಗುಮ್ಮಟದ ಒಳಗೆ ಒಂದೂ ಕಂಬ ಇಲ್ಲವಲ್ಲ, ಹೇಗೆ ನಿಂತಿದೆ?

ಎಲ್ಲರೂ ಇದನ್ನೇ ಕೇಳುತ್ತಾರೆ. ಉತ್ತರವನ್ನು ಮನೆಯಲ್ಲೇ ಮಕ್ಕಳಿಗೆ ತೋರಿಸಿಕೊಂಡು ಹೋಗಿ, ಅಲ್ಲಿ ತಲೆಯೆತ್ತಿ ನೋಡುವಾಗ ಗೊತ್ತಾಗುತ್ತದೆ.

ಸಮಸ್ಯೆ ಏನೆಂದರೆ ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನೆಯದು ಕೂರಿಸಿದರೆ ನಾಲ್ಕು ಮೂಲೆ ಖಾಲಿ ಉಳಿಯುತ್ತವೆ. ಈಗ ಎರಡು ಚೌಕದ ಕಾಗದ ತಗೊಳ್ಳಿ. ಒಂದರ ಮೇಲೆ ಇನ್ನೊಂದನ್ನು ಓರೆಯಾಗಿ ಇಡಿ, ಮೇಲಿನದರ ಮೂಲೆಗಳು ಕೆಳಗಿನದರ ಅಂಚಿನಿಂದ ಹೊರಗೆ ಚಾಚುವ ಹಾಗೆ. ಎಂಟು ಮೊನೆಯ ನಕ್ಷತ್ರ ಬರುತ್ತದೆ. ನಕ್ಷತ್ರದ ನಡುವೆ ಎಂಟು ಮೂಲೆಯ ಜಾಗ. ಅದು ಹೆಚ್ಚುಕಡಿಮೆ ದುಂಡಗೇ ಇದೆ ಅಲ್ವಾ? ನಾವು ರೈಲಿನಲ್ಲಿ ಇದನ್ನು ಮಾಡಿದಾಗ ಅಮ್ಮ ಚಟ್ನಿಪುಡಿ ಡಬ್ಬಿಯ ಮುಚ್ಚಳ ತೆಗೆದು ನಡುವೆ ಇಟ್ಟರು. ಸರಿಯಾಗಿ ಕೂತಿತು. ‘ಇಷ್ಟೇನಾ?’ ಅಂದ ಮಗ.

ಇಷ್ಟೇ. ಕಾಗದದ ಅಂಚಿನ ಜಾಗದಲ್ಲಿ ಅವರು ಕಮಾನು ಕಟ್ಟಿದರು. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ದಾಟುತ್ತಾ ಮೇಲೇರುತ್ತವೆ. ಅವುಗಳ ನಡುವಿನ ಗೋಡೆ ಮೇಲೆ ಹೋದ ಹಾಗೆ ಒಳಕ್ಕೆ ವಾಲುತ್ತದೆ. ಚೌಕವಾಗಿದ್ದ ಕೋಣೆ ಎಂಟು ಮೂಲೆಯಾಗಿ, ಆಮೇಲೆ ದುಂಡಗಾಗುತ್ತದೆ. ಅದರ ಮೇಲೆ ಗುಮ್ಮಟ.

ಇನ್ನೊಂದು ಜಾಣತನ ಇದೆ. ಯಾವ ಗುಮ್ಮಟವೂ ತನ್ನ ಭಾರದಿಂದ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ. ಇಲ್ಲಿ ಒಳಕ್ಕೆ ವಾಲಿದ ಆ ಭಾಗದ ತೂಕ ಒಳಕ್ಕೆ ಎಳೆಯುತ್ತದೆ. ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಫುಗಡಿ ಆಡುವಾಗ ಇಬ್ಬರೂ ಕೈ ಹಿಡಿದು ಹಿಂದಕ್ಕೆ ವಾಲುತ್ತಾರಲ್ಲ, ಯಾರೂ ಬೀಳುವುದಿಲ್ಲ, ಅದೇ ಲೆಕ್ಕ. ಸಾಲದ್ದಕ್ಕೆ ಗೋಡೆ ಸುಮಾರು 3 ಮೀಟರ್ ದಪ್ಪ. ಬಾಗಿಲಲ್ಲಿ ನಿಂತು ಅಪ್ಪ ಅಮ್ಮ ಮಕ್ಕಳು ಕೈ ಚಾಚಿ ಅಳೆಯಿರಿ.

ಗೋಡೆ ಈ ನಾಡಿನ ಕರಿಕಲ್ಲಿನದು. ಗುಮ್ಮಟ ಮಾತ್ರ ಕಲ್ಲಲ್ಲ, ಇಟ್ಟಿಗೆ ಮತ್ತು ದಪ್ಪ ಸುಣ್ಣದ ಗಾರೆ. ಗಾರೆ ಗಟ್ಟಿಯಾದ ಮೇಲೆ ಇಡೀ ಗುಮ್ಮಟ ಒಂದೇ ಬೋಗುಣಿ ಮಗುಚಿ ಹಾಕಿದ ಹಾಗಾಯಿತು.

ಪಿಸುಮಾತಿನ ಗ್ಯಾಲರಿಯಲ್ಲಿ ನಿಜವಾಗಿ ಕೇಳಿಸುತ್ತದಾ?

ಗೋಳಗುಮ್ಮಟದ ಮೇಲೆ, ಗುಮ್ಮಟದ ಬುಡದಲ್ಲಿ ಒಳಗೆ ಸುತ್ತಲೂ ಇರುವ ಓಣಿಯೇ ಈ ಗ್ಯಾಲರಿ. ಕೇಳಿಸುತ್ತದೆ. ಆದರೆ ಸರಿಯಾದ ಹೊತ್ತಿಗೆ ಹೋದರೆ.

ಹನ್ನೊಂದು ಗಂಟೆಗೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಆಮೇಲೆ ಮೇಲೆ ಕೇಳುವುದು ಬರೀ ಕೂಗಾಟ. ಒಬ್ಬ ‘ಓಯ್’ ಅಂದರೆ ಮುನ್ನೂರು ಮಂದಿ ‘ಓಯ್’ ಅಂದ ಹಾಗೆ, ಅದರ ಮೇಲೆ ಕಾವಲಿನವರ ಸೀಟಿ. ನಮ್ಮ ಮೊದಲ ಭೇಟಿ ಹೀಗೇ ಹಾಳಾಯಿತು, ಮಗಳು ಕಿವಿ ಮುಚ್ಚಿಕೊಂಡು ಕೆಳಗಿಳಿದಳು. ಎರಡನೇ ಸಲ ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ಮೇಲೆ ನಾವು, ಇನ್ನೊಂದು ಜೋಡಿ, ಪಾರಿವಾಳಗಳು. ಅಷ್ಟೇ.

ಗೋಡೆಗೆ ಬೆನ್ನು ಕೊಟ್ಟು ಕೂರಿ. ಎದುರು ಬದಿಗೆ ಒಬ್ಬರನ್ನು ಕಳಿಸಿ. ಅವರು ಗೋಡೆ ಕಡೆ ಮುಖ ಮಾಡಿ ಪಿಸುಗುಟ್ಟಲಿ. ದನಿ ಬಾಗಿದ ಗೋಡೆಗುಂಟ ಜಾರಿಕೊಂಡು ಬಂದು ನಿಮ್ಮ ಕಿವಿಯ ಹತ್ತಿರ ಮಾತಾಡುತ್ತದೆ. ಕಾಗದ ಹರಿದ ಸದ್ದು, ಬೆಂಕಿಕಡ್ಡಿ ಪೆಟ್ಟಿಗೆ ಅಲ್ಲಾಡಿಸಿದ ಸದ್ದು ಕೂಡ ಬರುತ್ತದೆ. ಕಡ್ಡಿ ಗೀರಬೇಡಿ, ಪೆಟ್ಟಿಗೆ ಅಲ್ಲಾಡಿಸಿದರೆ ಸಾಕು. ನನ್ನ ಹೆಂಡತಿ 38 ಮೀಟರ್ ದೂರದಿಂದ ‘ಗ್ಯಾಸ್ ಆಫ್ ಮಾಡಿದ್ರಾ?’ ಎಂದು ಪಿಸುಗುಟ್ಟಿದ್ದು ನನಗೆ ಚೆನ್ನಾಗಿ ಕೇಳಿಸಿತು.

ಒಂದು ಚಪ್ಪಾಳೆ ತಟ್ಟಿ ಎಣಿಸಿ. ಏಳು ಸಲ ಮರುದನಿ ಬರುತ್ತದೆ ಎನ್ನುವವರಿದ್ದಾರೆ, ಹತ್ತು ದಾಟುತ್ತದೆ ಎನ್ನುವವರೂ ಇದ್ದಾರೆ. ನಾವು ಎಣಿಸಿದ್ದು ಒಂಬತ್ತು. ಲೆಕ್ಕ ಇಷ್ಟಪಡುವ ಮಕ್ಕಳಿಗೆ ಒಂದು ಕೆಲಸ ಕೊಡಿ: ದನಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಹೋಗಿ ಬರಲು ಎಷ್ಟು ಹೊತ್ತು? ಕಾಲು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಮರುದನಿಗಳು ಅಷ್ಟು ಒತ್ತೊತ್ತಾಗಿ ಬರುವುದು ಅದಕ್ಕೇ.

ವಯಸ್ಸಾದವರು, ಚಿಕ್ಕ ಮಕ್ಕಳು ಮೇಲೆ ಹತ್ತಬಹುದಾ?

ಮೂಲೆಗಳಲ್ಲಿ ಏಳು ಅಂತಸ್ತಿನ ನಾಲ್ಕು ಗೋಪುರಗಳಿವೆ, ಮೆಟ್ಟಿಲು ಅವುಗಳ ಒಳಗೆ. ನೂರಕ್ಕೂ ಜಾಸ್ತಿ ಮೆಟ್ಟಿಲು. ಇಕ್ಕಟ್ಟು, ಕಡಿದು, ಕೆಲವು ಕಡೆ ಕತ್ತಲು. ಕೆಲವು ಮೆಟ್ಟಿಲು ಮೊಣಕಾಲೆತ್ತರ ಇವೆ. ಮಂಡಿನೋವು, ಉಬ್ಬಸ ಇದ್ದವರಿಗೆ ಬೇಡವೇ ಬೇಡ. ಆರು ವರ್ಷದ ಮೇಲಿನ ಮಕ್ಕಳು ಆರಾಮಾಗಿ ಹತ್ತುತ್ತಾರೆ, ಇಳಿಯುವಾಗ ಮಾತ್ರ ನೀವು ಮುಂದೆ ಇರಿ. ಎತ್ತಿಕೊಳ್ಳುವ ಮಗು ಇದ್ದರೆ ಸರದಿ ಮೇಲೆ ಹತ್ತಿ.

ನಮ್ಮಮ್ಮ ಹತ್ತಲಿಲ್ಲ. ಕೆಳಗಿನ ಕೋಣೆಯಲ್ಲೇ ಕೂತರು. ನಾವು ಇಳಿದು ಬಂದಾಗ ‘ನೀವು ಮೇಲೆ ಮಾತಾಡಿದ್ದೆಲ್ಲ ಕೇಳಿಸ್ತು, ಯಾರದ್ದೂ ಒಂದು ಮಾತೂ ತಿಳಿಲಿಲ್ಲ’ ಅಂದರು. ಕೆಳಗೆ ಕೂರುವುದೇನೂ ಕಡಿಮೆ ಅಲ್ಲ. ನಡುವಿನ ಕಟ್ಟೆಯ ಮೇಲೆ ಮರದ ಚಪ್ಪರದಡಿ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದ ಸಮಾಧಿಗಳು ನೆಲಮಾಳಿಗೆಯಲ್ಲಿವೆ. ಸುಲ್ತಾನನ ಮನೆಯವರ ಜೊತೆಗೆ ರಂಭಾ ಎಂಬ ನರ್ತಕಿಯ ಗೋರಿಯೂ ಅಲ್ಲಿದೆ.

‘ಜಗತ್ತಿನ ಎರಡನೇ ದೊಡ್ಡ ಗುಮ್ಮಟ’ ಎನ್ನುವುದು ನಿಜವಾ?

ನಾವೆಲ್ಲ ಶಾಲೆಯಲ್ಲಿ ಹೀಗೇ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಒಳ ಅಗಲ ನೋಡಿದರೆ ರೋಮಿನ ಪ್ಯಾಂಥಿಯನ್ 43 ಮೀಟರ್ ದಾಟುತ್ತದೆ. ಸಂತ ಪೀಟರ್ ಚರ್ಚಿನ ಗುಮ್ಮಟ 41 ಮೀಟರ್‌ಗಿಂತ ಜಾಸ್ತಿ. ಫ್ಲಾರೆನ್ಸ್‌ನದೂ ಗೋಳಗುಮ್ಮಟಕ್ಕಿಂತ ಅಗಲ. ಈಗಿನ ಕ್ರೀಡಾಂಗಣಗಳ ಉಕ್ಕಿನ ಗುಮ್ಮಟ ಸೇರಿಸಿದರಂತೂ ಪಟ್ಟಿ ಉದ್ದವಾಗುತ್ತದೆ. ಹಾಗಾಗಿ ‘ಎರಡನೇ’ ಎನ್ನುವುದನ್ನು ನಾನು ಬಿಟ್ಟುಬಿಟ್ಟೆ.

ಅದರ ಬದಲು ಇದನ್ನು ಹೇಳಿ. ಪ್ಯಾಂಥಿಯನ್‌ನ ನೆಲ ದುಂಡಗೆ, ಗೋಳಗುಮ್ಮಟದ್ದು ಚೌಕ. ಅದಕ್ಕೇ ಗುಮ್ಮಟ ಚಿಕ್ಕದಾದರೂ ನೆಲ ಇಲ್ಲೇ ದೊಡ್ಡದು. ಅಲ್ಲಿ ಸುಮಾರು 1,470 ಚದರ ಮೀಟರ್, ಇಲ್ಲಿ ಸುಮಾರು 1,690. ಒಂದೂ ಕಂಬವಿಲ್ಲದೆ, ಒಂದೇ ಗುಮ್ಮಟದ ಕೆಳಗೆ. ನನಗೆ ಈ ಲೆಕ್ಕವೇ ಜಾಸ್ತಿ ಹೆಮ್ಮೆ ಕೊಡುತ್ತದೆ.

ಗೋಳಗುಮ್ಮಟ ನೋಡಿದ ಮೇಲೆ ಇಬ್ರಾಹಿಂ ರೋಜಾ ನೋಡಲೇಬೇಕಾ?

ಒಂದನ್ನೇ ನೋಡಲು ಸಮಯ ಇದ್ದರೆ ನಾನು ಇಬ್ರಾಹಿಂ ರೋಜಾಕ್ಕೇ ಹೋಗುತ್ತೇನೆ. ಮನೆಯಲ್ಲಿ ಇದರ ಬಗ್ಗೆ ಜಗಳ ಇದೆ, ಮಕ್ಕಳ ಓಟು ಗುಮ್ಮಟಕ್ಕೆ.

ಅಪ್ಪನ ಕಟ್ಟಡಕ್ಕೂ ಮಗನ ಕಟ್ಟಡಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮಗನದು ಗಾತ್ರ, ಅಪ್ಪನದು ಕುಸುರಿ. ಒಂದೇ ಎತ್ತರದ ಜಗಲಿ ಮೇಲೆ ಒಂದು ಕಡೆ ಸಮಾಧಿ, ಎದುರಿಗೆ ಮಸೀದಿ, ನಡುವೆ ಕೊಳ. ರಾಣಿ ತಾಜ್ ಸುಲ್ತಾನಾಗೆಂದು ಶುರುವಾಗಿ, ಕೊನೆಗೆ ರಾಜನೂ ಮನೆಯವರೂ ಇಲ್ಲೇ ಮಲಗಿದರು ಎನ್ನುತ್ತಾರೆ. ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಕಲ್ಲಿನಲ್ಲೇ ಇದೆ.

ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಸಮಾಧಿಯ ಕಿಟಕಿಗಳ ಹತ್ತಿರ ಹೋಗಿ. ಕಿಟಕಿಯಲ್ಲಿ ಸರಳಿಲ್ಲ, ಅಕ್ಷರಗಳಿವೆ. ಕಲ್ಲಿನ ಹಲಗೆಯಲ್ಲಿ ಅರಬ್ಬಿ ಅಕ್ಷರ ಉಳಿಸಿ, ನಡುವಿನ ಜಾಗ ಕೊರೆದು ತೆಗೆದಿದ್ದಾರೆ. ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಮಗಳು ಅಂಗೈ ಚಾಚಿ ನಿಂತಳು, ಬೆಳಕಿನ ಚುಕ್ಕಿಗಳು ಕೈಮೇಲೆ ಬಿದ್ದವು. ಬೆರಳು ಅಲ್ಲಾಡಿಸಿದರೆ ಅವೂ ಅಲ್ಲಾಡಿದವು. ಹದಿನೈದು ನಿಮಿಷ ಅವಳು ಅಲ್ಲಿಂದ ಕದಲಲಿಲ್ಲ. ನಾವೂ ಕರೆಯಲಿಲ್ಲ.

ಆಮೇಲೆ ಒಳಗೆ ಹೋಗಿ ಮೇಲೆ ನೋಡಿ. ಹೊರಗಿನಿಂದ ಅಷ್ಟು ದುಂಡಗೆ ಕಂಡ ಗುಮ್ಮಟ ಒಳಗೆ ಕಾಣಿಸುವುದೇ ಇಲ್ಲ! ಚಾವಣಿ ಚಪ್ಪಟೆ. ಸುಮಾರು 40 ಅಡಿ ಚೌಕದ ಕೋಣೆ. ಅಂಚಿನಿಂದ ಚಾವಣಿ ಸ್ವಲ್ಪ ಬಾಗಿ ಬಂದು, ನಡುವೆ 24 ಅಡಿ ಚೌಕ ಪೂರ್ತಿ ಮಟ್ಟವಾಗಿದೆ. ಕೆಳಗೆ ತೊಲೆ ಇಲ್ಲ, ಕಂಬ ಇಲ್ಲ. ಕಲ್ಲುಗಳು ಸುಮ್ನೆ ತೂಗಿಕೊಂಡಿವೆ. ಅವನ್ನು ಹಿಡಿದಿರುವುದು ಗಾರೆಯ ಬಿಗಿ ಮತ್ತು ಕಲ್ಲುಕುಟಿಗರ ಧೈರ್ಯ. ಗುಮ್ಮಟ ಇದರ ಮೇಲೆ, ಇನ್ನೊಂದು ಖಾಲಿ ಕೋಣೆ ದಾಟಿದ ಮೇಲೆ ಇದೆ. ‘ಗುಮ್ಮಟ ಎಲ್ಲಿ ಹೋಯಿತು?’ ಎಂದು ಮಕ್ಕಳನ್ನು ಕೇಳಿ, ಉತ್ತರ ತಕ್ಷಣ ಹೇಳಬೇಡಿ.

ಎದುರಿನ ಮಸೀದಿಯ ಚಾಚಿನಿಂದ ಕಲ್ಲಿನ ಸರಪಳಿ ಇಳಿಬಿದ್ದಿವೆ. ಕೊಂಡಿ ಕೊಂಡಿಯೂ ಬಿಡಿ, ಆದರೆ ಜೋಡಿಸಿದ್ದಲ್ಲ, ಒಂದೇ ಕಲ್ಲಿನಿಂದ ಬಿಡಿಸಿದ್ದು.

ತಾಜ್ ಮಹಲ್‌ಗೆ ಇದೇ ಮಾದರಿ ಅಂತಾರಲ್ಲ?

ಗೈಡ್‌ಗಳ ಅಚ್ಚುಮೆಚ್ಚಿನ ಮಾತು ಇದು. ಕಾಲ ಹೊಂದುತ್ತದೆ: ಇಬ್ರಾಹಿಂ ತೀರಿಕೊಂಡಿದ್ದು 1627ರಲ್ಲಿ, ತಾಜ್ ಶುರುವಾಗಿದ್ದು 1632ರ ಸುಮಾರಿಗೆ. ನಾಲ್ಕು ಮೂಲೆಗೆ ನಾಲ್ಕು ಮಿನಾರು, ನಡುವೆ ಗುಮ್ಮಟ, ಪಕ್ಕದಲ್ಲಿ ಮಸೀದಿ ಎಂಬ ಹೋಲಿಕೆಯೂ ಇದೆ. ಆದರೆ ದೆಹಲಿಯಲ್ಲಿ ಹುಮಾಯೂನನ ಸಮಾಧಿ ಅದಕ್ಕೂ ಅರ್ಧ ಶತಮಾನ ಮೊದಲೇ ಇತ್ತು, ಮೊಗಲರಿಗೆ ತಮ್ಮದೇ ಮಾದರಿಗಳಿದ್ದವು. ಇಬ್ರಾಹಿಂ ರೋಜಾ ಚೆನ್ನಾಗಿದೆ ಎನ್ನಲು ತಾಜ್ ಮಹಲಿನ ಶಿಫಾರಸು ಬೇಕಾಗಿಲ್ಲ.

ಬಾರಾಕಮಾನ್‌ನಲ್ಲಿ ಬರೀ ಕಮಾನುಗಳು ಅಷ್ಟೇನಾ?

ಹೌದು, ಅದೇ ಅದರ ಮಜಾ. ಮುಗಿದ ಕಟ್ಟಡದಲ್ಲಿ ಒಳಗಿನ ಕೆಲಸ ಗಾರೆಯಡಿ ಮುಚ್ಚಿಹೋಗುತ್ತದೆ. ಇಲ್ಲಿ ಎಲ್ಲ ಬಯಲು. ಮಾವಿನಹಣ್ಣು ಕೊಯ್ದು ವಾಟೆ ನೋಡಿದ ಹಾಗೆ.

ಎರಡನೇ ಅಲಿ 1672ರಲ್ಲಿ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಹದಿನಾಲ್ಕು ವರ್ಷಕ್ಕೆ ರಾಜ್ಯವೇ ಹೋಯಿತು. ಚಾವಣಿ ಇಲ್ಲದ ಕರಿಕಲ್ಲಿನ ಕಮಾನುಗಳು 300 ವರ್ಷದ ಮೇಲೆ ಗಾಳಿ ಮಳೆಗೆ ನಿಂತಿವೆ. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ, ಭಾರ ಬಿದ್ದಷ್ಟೂ ಬಿಗಿ. ಮೊದಲು ಒಳಗೊಳಗೇ ಕಮಾನು ಇಟ್ಟು ತುಂಬು ಗೋಡೆ ಕಟ್ಟಿ, ಆಮೇಲೆ ಒಳಗಿನದನ್ನು ಕೆಡವಿ ತೆಗೆದರು ಎಂದು ಕಟ್ಟಿದ ಬಗೆಯನ್ನು ವಿವರಿಸುತ್ತಾರೆ.

ಸಂಜೆ ಐದರ ಮೇಲೆ ಹೋಗಿ. ಸುತ್ತ ಹುಲ್ಲಿದೆ, ಮಕ್ಕಳು ಓಡಾಡಲಿ. ಕಮಾನುಗಳ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಬೀಳುತ್ತದೆ. ನೆರಳನ್ನು ಮೆಟ್ಟದೆ ಆಚೆ ದಾಟುವ ಆಟ ನಮ್ಮ ಮಕ್ಕಳಿಬ್ಬರು ಕಂಡುಹಿಡಿದರು.

ಜಾಮಿಯಾ ಮಸೀದಿಯ ಒಳಗೆ ಎಲ್ಲರೂ ಹೋಗಬಹುದಾ?

ಹೋಗಬಹುದು. ಇಲ್ಲಿ ಈಗಲೂ ನಮಾಜು ನಡೆಯುತ್ತದೆ, ಹಾಗಾಗಿ ಶುಕ್ರವಾರ ಮಧ್ಯಾಹ್ನ ಬೇಡ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ, ಹೆಂಗಸರು ಒಂದು ದುಪಟ್ಟಾ ಇಟ್ಟುಕೊಂಡರೆ ಸುಲಭ. ಒಳಗೆ ನೆಲದ ಮೇಲೆ ಜಮಖಾನದ ಹಾಗೆ ಗೆರೆ ಎಳೆದು ಮಾಡಿದ 2,250 ಚೌಕಗಳಿವೆ, ನಮಾಜು ಮಾಡುವ ಒಬ್ಬೊಬ್ಬರಿಗೆ ಒಂದೊಂದು. ಔರಂಗಜೇಬ ಮಾಡಿಸಿದ್ದು ಎನ್ನುತ್ತಾರೆ. ಸಾಲು ಸಾಲು ಬಿಳಿ ಕಮಾನುಗಳ ನಡುವೆ ಸುಮ್ಮನೆ ಕೂತರೆ ಹೊರಗಿನ ಬಿಸಿಲು ಮರೆತುಹೋಗುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ: ಅಸರ್ ಮಹಲ್ ಎಂಬ ಹಳೆಯ ಅರಮನೆಯ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಮಗಳನ್ನು ಬಾಗಿಲ ತನಕ ಕರೆದೊಯ್ದು ಹೊರಗೆ ನಿಲ್ಲಿಸಿದರೆ ಆ ದಿನವೆಲ್ಲ ನೀವು ಉತ್ತರ ಕೊಡಬೇಕಾಗುತ್ತದೆ. ನಾವು ಎಲ್ಲರೂ ಹೊರಗಿನಿಂದಲೇ ಅದರ ಎತ್ತರದ ಮರದ ಕಂಬಗಳನ್ನು ನೋಡಿ ಬಂದೆವು.

ಯಾವ ಗುಮ್ಮಟ ಹಳೆಯದು, ಯಾವುದು ಆಮೇಲಿನದು ಎಂದು ಗುರುತಿಸುವುದು ಹೇಗೆ?

ಬುಡ ನೋಡಿ. ಜಾಮಿಯಾ ಮಸೀದಿಯ ಗುಮ್ಮಟ ಅರ್ಧ ಚೆಂಡಿನ ಹಾಗಿದೆ. ಇಬ್ರಾಹಿಂ ರೋಜಾಕ್ಕೆ ಬರುವ ಹೊತ್ತಿಗೆ ಅದು ಮುಕ್ಕಾಲು ಚೆಂಡಾಗಿದೆ, ಬುಡದಲ್ಲಿ ಕಮಲದ ದಳಗಳು ಎದ್ದು ನಿಂತಿವೆ. ದಳಗಳ ನಡುವಿನಿಂದ ಮೊಗ್ಗು ಉಬ್ಬಿದ ಹಾಗೆ. ಈ ದಳದ ಸುತ್ತು ಆದಿಲ್‌ಶಾಹಿ ಕಟ್ಟಡಗಳ ರುಜು ಇದ್ದ ಹಾಗೆ. ಒಮ್ಮೆ ಗುರುತು ಹಿಡಿದರೆ ಆಟೊದಲ್ಲಿ ಹೋಗುವಾಗ ಬೀದಿ ಬದಿಯ ಹೆಸರಿಲ್ಲದ ಗುಮ್ಮಟಗಳಲ್ಲೂ ಕಾಣತೊಡಗುತ್ತದೆ. ನಮ್ಮ ಮಕ್ಕಳು ಎಣಿಸುತ್ತಾ ಹೋದರು, ಮೊದಲು ಕಂಡವರಿಗೆ ಒಂದು ಪಾಯಿಂಟು.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಅರಕಿಲ್ಲೆಯ, ಅಂದರೆ ಒಳಕೋಟೆಯ, ಕರೀಮುದ್ದೀನ್ ಮಸೀದಿ ಇದೆ, 1320ರದು. ಅದರ ಕಂಬಗಳು ಹಳೆಯ ದೇವಸ್ಥಾನದ ಕಂಬಗಳು. ಅಲ್ಲಿ ಗುಮ್ಮಟವೇ ಇಲ್ಲ.

ಮಲಿಕ್-ಎ-ಮೈದಾನ್ ಫಿರಂಗಿ ಕಟ್ಟಡ ಅಲ್ಲವಲ್ಲ, ನೋಡಬೇಕಾ?

ಮಕ್ಕಳಿದ್ದರೆ ಬಿಡುವ ಹಾಗೇ ಇಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಉದ್ದ 4.45 ಮೀಟರ್, ತೂಕ 55 ಟನ್. ಬಾಯಿಯ ಹತ್ತಿರ ಸಿಂಹದ ಮುಖ, ಅದರ ದವಡೆಯಲ್ಲಿ ಸಿಕ್ಕಿಬಿದ್ದ ಪುಟ್ಟ ಆನೆ. ಆನೆಯನ್ನು ಮಕ್ಕಳೇ ಹುಡುಕಲಿ. ಎಂಥ ಬಿಸಿಲಿನಲ್ಲೂ ಮುಟ್ಟಿದರೆ ತಂಪಾಗಿರುತ್ತದೆ, ತಟ್ಟಿದರೆ ಗಂಟೆಯ ಹಾಗೆ ಸದ್ದು ಬರುತ್ತದೆ ಎನ್ನುತ್ತಾರೆ. ಬತ್ತಿ ಹಚ್ಚಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದ ಎಂಬ ಕಥೆಯೂ ಇದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜು ಹಾಕಿದಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಹರಾಜು ರದ್ದಾಯಿತು.

ಅಲ್ಲೇ ಹತ್ತಿರ ಉಪ್ಪಲಿ ಬುರುಜು. ಸುಮಾರು 80 ಅಡಿ ಎತ್ತರ, 1584ರದು, ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು. ಮೇಲಿನಿಂದ ಊರೆಲ್ಲ ಕಾಣುತ್ತದೆ. ಮೆಟ್ಟಿಲ ಹೊರಬದಿಯಲ್ಲಿ ಎಚ್ಚರ.

ಇಷ್ಟು ದೊಡ್ಡ ಊರಿಗೆ ನೀರು ಎಲ್ಲಿಂದ ಬರುತ್ತಿತ್ತು?

ಒಳ್ಳೆಯ ಪ್ರಶ್ನೆ. ಕೇಳಿದ್ದು ನಮ್ಮಮ್ಮ. ಊರಲ್ಲಿ ಹೊಳೆ ಇಲ್ಲ, ಮಳೆ ಕಡಿಮೆ. ಹತ್ತಿರದ ತೊರವಿ ಊರಿನ ಕಡೆಯಿಂದ, ಬೇಗಂ ತಲಾಬ್ ಎಂಬ ಕೆರೆಯಿಂದ ನೆಲದಡಿ ಸುರಂಗ ಮತ್ತು ಕೊಳವೆಗಳಲ್ಲಿ ನೀರು ತರುತ್ತಿದ್ದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ನೀರಿನ ಗೋಪುರಗಳು. ನೀರಿನ ಒತ್ತಡ ಕೊಳವೆ ಒಡೆಯದಿರಲಿ ಎಂದು ಅವು. ಬೀದಿ ಬದಿಯಲ್ಲಿ ಸುಮ್ನೆ ನಿಂತ ಕಲ್ಲಿನ ಗೋಪುರ ಕಂಡರೆ ಅದು ಗಂಜ್ ಇರಬಹುದು.

ತಾಜ್ ಬಾವಡಿ ನೋಡಿ. 1620ರದು. ದೊಡ್ಡ ಕಮಾನು, ಎರಡು ಬದಿಗೆ ಎಂಟು ಮೂಲೆಯ ಗೋಪುರ, ಕಮಾನಿನಡಿ ಮೆಟ್ಟಿಲು ಇಳಿದರೆ ಕೆರೆಯಷ್ಟು ದೊಡ್ಡ ಬಾವಿ. ಅಮ್ಮ ಅದರ ಮುಂದೆ ನಿಂತು ‘ಅರಮನೆ ಕಟ್ಟೋದು ದೊಡ್ಡದಲ್ಲ, ನೀರು ಕುಡಿಸಿದ್ದು ನೋಡು’ ಅಂದರು.

ಗೈಡ್ ಬೇಕಾ?

ಗೋಳಗುಮ್ಮಟಕ್ಕೆ ಬೇಡ, ಇಬ್ರಾಹಿಂ ರೋಜಾಕ್ಕೆ ಒಳ್ಳೆಯವರು ಸಿಕ್ಕರೆ ತಗೊಳ್ಳಿ. ಒಬ್ಬರು ನಮಗೆ ಎಲ್ಲ ಕಟ್ಟಡಕ್ಕೂ ಒಂದೇ ಕಥೆ ಹೇಳಿದರು: ರಾಜ, ರಾಣಿ, ಅಸೂಯೆ, ಸಾವು. ಇನ್ನೊಬ್ಬರು, ವಯಸ್ಸಾದವರು, ಒಂದೇ ಕಂಬದ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿದರು. ಮೊದಲೇ ದರ ಮಾತಾಡಿ, ‘ಕಥೆ ಕಡಿಮೆ, ಕಲ್ಲು ಜಾಸ್ತಿ’ ಎಂದು ಹೇಳಿಬಿಡಿ.

ಟಿಕೆಟ್, ಸಮಯ, ಮ್ಯೂಸಿಯಂ?

ಗೋಳಗುಮ್ಮಟ, ಇಬ್ರಾಹಿಂ ರೋಜಾ ಎರಡಕ್ಕೂ ಬೇರೆ ಬೇರೆ ಟಿಕೆಟ್. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಶುಕ್ರವಾರ ರಜೆ. ಮಧ್ಯಾಹ್ನದ ಬಿಸಿಲಿಗೆ ಅದು ಒಳ್ಳೆಯ ಜಾಗ.

ಊಟ?

ಖಾನಾವಳಿಗೆ ಹೋಗಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮಕ್ಕಳಿಗೆ ಖಾರ ಆಗುತ್ತದೆ, ಮೊದಲೇ ಹೇಳಿ. ಬಿಸಿ ರೊಟ್ಟಿ ಬಡಿಯುವುದನ್ನು ನೋಡಲು ಬಿಟ್ಟರೆ ಮಕ್ಕಳು ಹಟ ಮಾಡದೆ ತಿನ್ನುತ್ತಾರೆ.

ಇನ್ನೊಂದು ದಿನ ಉಳಿದರೆ?

ಬಸವಣ್ಣನವರ ಊರು ಬಸವನ ಬಾಗೇವಾಡಿ 40 ಚಿಲ್ಲರೆ ಕಿಲೋಮೀಟರ್. ಆಲಮಟ್ಟಿ ಅಣೆಕಟ್ಟು, ಕೂಡಲಸಂಗಮ ಅದೇ ದಿಕ್ಕಿಗೆ. ಬಾದಾಮಿ, ಐಹೊಳೆ, ಪಟ್ಟದಕಲ್ಲನ್ನು ಅದೇ ಒಂದು ದಿನದಲ್ಲಿ ತುರುಕಬೇಡಿ, ಅವಕ್ಕೆ ಬೇರೆಯೇ ಪ್ರವಾಸ ಬೇಕು.

ಮಕ್ಕಳಿಗೆ ಬೋರ್ ಆದರೆ ಏನು ಮಾಡುವುದು?

ಆಗುತ್ತದೆ. ಮೂರನೇ ಕಟ್ಟಡಕ್ಕೆ ಖಂಡಿತ ಆಗುತ್ತದೆ. ಮೊಬೈಲ್ ಕೊಡುವ ಬದಲು ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ‘ಇಡೀ ಕಟ್ಟಡ ಬರೆಯಬೇಡ, ಒಂದು ಕಮಾನು ಬರೆ’ ಎನ್ನಿ. ಚಿತ್ರ ಬರೆಯಲು ಕೂತವರಿಗೆ ಫೋಟೊ ಹೊಡೆಯುವವರಿಗೆ ಕಾಣದ್ದು ಕಾಣುತ್ತದೆ. ಗೋಳಗುಮ್ಮಟದ ಮೆಟ್ಟಿಲ ಗೋಡೆ ತುಂಬ ಜನ ಹೆಸರು ಕೆತ್ತಿ, ಬಾಣ ಬಿಟ್ಟ ಹೃದಯ ಬರೆದು ಹಾಳುಮಾಡಿದ್ದಾರೆ. ಮಗ ಅದನ್ನು ನೋಡುತ್ತಾ ಇಳಿದು ಬಂದ. ಕೆಳಗೆ ಕೂತು ತನ್ನ ನೋಟ್‌ಬುಕ್ಕಿನಲ್ಲಿ ಗುಮ್ಮಟ ಬರೆದ, ಅದರ ಬುಡದಲ್ಲಿ ಕಮಲದ ದಳ ಬರೆದ, ಪ್ರತಿ ದಳದ ಮೇಲೂ ತನ್ನ ಹೆಸರು ಬರೆದ. ‘ಇದು ನನ್ನ ಗುಮ್ಮಟ, ಇಲ್ಲಿ ಬರೀಬಹುದು’ ಅಂದ.